ಕೊರಿಯಾದ ಮಕ್ಕಳ ಆತ್ಮಹತ್ಯೆಗೆ ಪರೀಕ್ಷೆ ಒಂದೇ ಕಾರಣವಾ?

"ದಕ್ಷಿಣ ಕೊರಿಯಾದಲ್ಲಿ ಶಾಲೆ ಮಕ್ಕಳು ಜೀವ ಕಳೆದುಕೊಳ್ಳೋದು ಪರೀಕ್ಷೆ ಒತ್ತಡದಿಂದಲೇನಾ? ಯಾವ ಮಗು ಅಪಾಯದಲ್ಲಿದೆ ಅಂತ ಅಲ್ಲಿ ಹೇಗೆ ಗುರುತಿಸುತ್ತಾರೆ?" ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮೈಸೂರಿನವಳು. ಆರು ವರ್ಷ ಕೊರಿಯಾದ ಸುವಾನ್ ನಗರದಲ್ಲಿದ್ದೆ, ಮಗ ಅಲ್ಲಿನ ಸರ್ಕಾರಿ ಶಾಲೆಗೇ ಹೋಗುತ್ತಿದ್ದ. ಕಂಡಿದ್ದು, ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಪರೀಕ್ಷೆಯ ಪಾಲು ಇದ್ದೇ ಇದೆ. ನವೆಂಬರ್‌ನಲ್ಲಿ ನಡೆಯುವ ಸುನುಂಗ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿ ಬರೆಯುವ ಹೊತ್ತಿಗೆ ವಿಮಾನಗಳ ಹಾರಾಟವನ್ನೇ ತಡೆಯುತ್ತಾರೆ. ಟ್ಯೂಷನ್ ಸೆಂಟರುಗಳಿಗೆ ಹಾಗ್ವಾನ್ ಅಂತಾರೆ. ಸಿಯೋಲ್‌ನಲ್ಲಿ ಅವನ್ನು ರಾತ್ರಿ 10ಕ್ಕೆ ಮುಚ್ಚಿಸೋಕೆ ನಿಯಮವನ್ನೇ ಮಾಡಬೇಕಾಯಿತು. ಹತ್ತಾದ ಮೇಲೆ ಅಲ್ಲಿ ಹಾಗ್ವಾನ್‌ಗಳೇ ತುಂಬಿರುವ ದೇಚಿ-ದೊಂಗ್ ಬಡಾವಣೆಯ ಬೀದಿಯಲ್ಲಿ ನಿಂತು ನೋಡಬೇಕು. ಮಕ್ಕಳನ್ನು ಕರೆದುಕೊಂಡು ಹೋಗೋಕೆ ಬಂದ ಕಾರುಗಳ ಸಾಲು. ಬೆನ್ನಿಗೆ ಬ್ಯಾಗ್ ಹೊತ್ತು ಇಳಿದು ಬರುವ ಮಕ್ಕಳ ಮುಖದಲ್ಲಿ ನಿದ್ದೆ ಬಿಟ್ಟರೆ ಇನ್ನೇನೂ ಕಾಣಲ್ಲ.

ಆದರೆ ಅದೇ ಪರೀಕ್ಷೆಯನ್ನು ಲಕ್ಷಾಂತರ ಮಕ್ಕಳು ಬರೆಯುತ್ತಾರೆ, ಅಲ್ವಾ? ಸುನುಂಗ್‌ಗೆ ಇನ್ನೂ ನಾಲ್ಕೈದು ವರ್ಷ ಇರುವ ಮಿಡಲ್ ಸ್ಕೂಲ್ ಮಕ್ಕಳಲ್ಲೂ ಸಾಯುವ ಯೋಚನೆ ಬಂದಿತ್ತು ಅನ್ನುವವರು ಪ್ರತಿ ವರ್ಷದ ಸರ್ಕಾರಿ ಸಮೀಕ್ಷೆಯಲ್ಲಿ ಸಿಗುತ್ತಾರೆ. ಹುಡುಗಿಯರೇ ಜಾಸ್ತಿ. ದೊಡ್ಡವರ ಸ್ಥಿತಿಯೂ ಚೆನ್ನಾಗಿಲ್ಲ. 2023ರಲ್ಲಿ ಇಡೀ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 13,978 ಜನ. ಹತ್ತರಿಂದ ಮೂವತ್ತೊಂಬತ್ತರ ವಯಸ್ಸಿನವರ ಸಾವಿಗೆ ಮೊದಲ ಕಾರಣವೇ ಇದು.

ಅಪಾಯ ಅನ್ನೋದು ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ಖಿನ್ನತೆ, ಮನೆಯಲ್ಲಿ ಜಗಳ, ನಿದ್ದೆಗೇಡು, ಶಾಲೆಯಲ್ಲಿ ಎಲ್ಲರೂ ಸೇರಿ ಒಬ್ಬರನ್ನು ದೂರ ಇಡೋದು. ಹಾಗೆ ದೂರವಾದ ಮಗುವಿಗೆ ಅಲ್ಲಿ "ವಾಂಗ್ತಾ" ಅಂತ ಹೆಸರೇ ಇದೆ. ಮೊದಲೊಮ್ಮೆ ತನಗೆ ತಾನೇ ನೋವು ಮಾಡಿಕೊಂಡಿದ್ದ ಮಗುವಿನ ಬಗ್ಗೆ ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕು. ಅಂಕ ಕಡಿಮೆ ಬಂದ ದಿನ ಇದರ ಮೇಲೆ ಬಂದು ಬೀಳುತ್ತದೆ. ಪೇಪರಿನವರಿಗೆ ಕಾಣೋದು ಆ ಕೊನೆಯ ದಿನ ಮಾತ್ರ.

ಇನ್ನು ಗುರುತಿಸುವ ವಿಚಾರ. ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಸ್ಥಿತಿ ತಿಳಿಯೋಕೆ ಒಂದು ಪ್ರಶ್ನಾವಳಿ ಇದೆ. ಒಂದನೇ ಮತ್ತು ನಾಲ್ಕನೇ ಕ್ಲಾಸಿನಲ್ಲಿ ತಂದೆ ತಾಯಿ ತುಂಬಬೇಕು, ಮಿಡಲ್ ಸ್ಕೂಲ್ ಮತ್ತು ಹೈಸ್ಕೂಲಿನ ಮೊದಲ ವರ್ಷ ಮಕ್ಕಳೇ ತುಂಬುತ್ತಾರೆ. ಆ ಪ್ರಶ್ನಾವಳಿಯ ಅಂಕ ಅಪಾಯದ ಗೆರೆ ದಾಟಿದರೆ ವೀ ಕ್ಲಾಸ್ ಅನ್ನುವ ಶಾಲೆಯ ಕೌನ್ಸೆಲಿಂಗ್ ಕೋಣೆ, ಅಲ್ಲಿಂದ ಬೇಕಾದರೆ ಆಸ್ಪತ್ರೆ. ವ್ಯವಸ್ಥೆ ಕೆಟ್ಟದ್ದೇನಲ್ಲ.

ನನ್ನ ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಫ್ಲಾಟಿನ ತಾಯಿ ಸಂಜೆ ನಮ್ಮನೆಗೆ ಬಂದಿದ್ದರು. (ಅಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯೋದು ಕಡಿಮೆ, ನಾವೆಲ್ಲ ಇಂಥವರ ಅಮ್ಮ ಅಷ್ಟೇ.) ನಾನು ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪ್ರಶ್ನೆ ಓದುತ್ತಿದ್ದೆ. ಅವರು ನಗುತ್ತಾ, "ಎಲ್ಲಕ್ಕೂ 'ಇಲ್ಲವೇ ಇಲ್ಲ' ಅಂತ ಒತ್ತಿಬಿಡಿ, ನಾನೂ ಅದನ್ನೇ ಮಾಡಿದೆ" ಅಂದರು. ಅವರ ಮಗಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಊಟ ಬಿಟ್ಟಿದ್ದಳು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರ ಹೆದರಿಕೆ "ಎಫ್ ಕೋಡ್" ಬಗ್ಗೆ. ಮಾನಸಿಕ ಕಾಯಿಲೆಗೆ ದಾಖಲೆಯಲ್ಲಿ ಹಾಕುವ ಅಕ್ಷರ ಅದು. ಮುಂದೆ ಇನ್ಶೂರೆನ್ಸಿಗೆ, ಕೆಲಸಕ್ಕೆ ತೊಂದರೆ ಆಗುತ್ತದೆ ಅಂತ ಅಲ್ಲಿನ ಎಷ್ಟೋ ತಂದೆ ತಾಯಿ ನಂಬಿದ್ದಾರೆ. ಹೀಗೆ ತುಂಬಿದ ಹಾಳೆಯಲ್ಲಿ ಯಾವ ಮಗು ಸಿಕ್ಕೀತು ಹೇಳಿ?

ಆ ಹುಡುಗಿ ಈಗ ಚೆನ್ನಾಗಿದ್ದಾಳೆ. ಕಂಡುಹಿಡಿದದ್ದು ಫಾರಂ ಅಲ್ಲ, ಅವಳ ಚಿಕ್ಕಮ್ಮ. "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿದರಂತೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನೋದು ಸುಳ್ಳು.

ನೀವು ಕೇಳಿದ್ದು ನಿಮಗೆ ಗೊತ್ತಿರುವ ಯಾರದ್ದಾದರೂ ಚಿಂತೆಯಿಂದ ಆಗಿದ್ದರೆ, ಕೊರಿಯಾದಲ್ಲಿ 109ಕ್ಕೆ, ಮಕ್ಕಳಾದರೆ 1388ಕ್ಕೂ ಫೋನ್ ಮಾಡಬಹುದು. ಇಲ್ಲಿ ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ.