ಸುಣ್ಣ ಯಾಕೆ ಹಾಕ್ತಾರೆ? ಒಬ್ಬ ವಿಜ್ಞಾನ ಶಿಕ್ಷಕಿಯ ಪ್ರಕರಣ

ಅವರು ಮಂಡ್ಯದ ಹತ್ತಿರದ ಒಂದು ಹೈಸ್ಕೂಲಿನ ವಿಜ್ಞಾನ ಮೇಡಂ. ವಯಸ್ಸು ಮೂವತ್ತರ ಆಸುಪಾಸು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ರೈಲು ಹತ್ತಿ ಮೈಸೂರಿಗೆ, ನನ್ನ ಹತ್ತಿರ ಸಲಹೆಗೆ ಬರುತ್ತಿದ್ದರು. ಮೊದಲ ದಿನ ಗಂಟಲು ಕಟ್ಟಿತ್ತು.

"ಕೂಗಿ ಕೂಗಿ ಹೀಗಾಗಿದೆ ಸರ್. ಭಾನುವಾರ ಸಂಜೆ ಆದ್ರೆ ಹೊಟ್ಟೆ ನೋವು ಶುರುವಾಗುತ್ತೆ."

ಹತ್ತನೇ ಕ್ಲಾಸು, 56 ಮಕ್ಕಳು. ಆಮ್ಲ, ಪ್ರತ್ಯಾಮ್ಲ ಪಾಠಕ್ಕೆ ಅವರು ಆಸೆಯಿಂದ ಒಂದು ಪ್ರಯೋಗ ಮಾಡಿದ್ದರು. ಬಾಟಲಿಗೆ ವಿನೆಗರ್, ಬಲೂನಿಗೆ ಅಡುಗೆ ಸೋಡಾ. ಬಲೂನು ಊದಿಕೊಳ್ಳುತ್ತಿದ್ದಂತೆ ಹಿಂದಿನವರು ಬೆಂಚು ಹತ್ತಿದರು, ಮುಂದಿನವರು ಮೇಜಿನ ಮೇಲೆ ಬಿದ್ದರು, ಒಂದು ಬೀಕರ್ ಒಡೆಯಿತು. ಗಲಾಟೆ ಕೇಳಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನಿಂತರು. ಅಂದಿನಿಂದ ಬರೀ ಪುಸ್ತಕ ಓದಿಸುವುದು, ನೋಟ್ಸ್ ಬರೆಸುವುದು. ಆಗಲಾದರೂ ಸದ್ದು ಕಡಿಮೆಯಾಯಿತಾ? ಇಲ್ಲ, ಇನ್ನೂ ಜಾಸ್ತಿಯಾಯಿತು.

"ನನಗೆ ಕ್ಲಾಸ್ ಹಿಡಿಯೋಕೆ ಬರಲ್ಲ" ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ನನಗೆ ಹಾಗನ್ನಿಸಲಿಲ್ಲ. ಆದರೂ ನಾನು ಕೊಟ್ಟ ಮೊದಲ ಸಲಹೆ ಕೆಲಸ ಮಾಡಲಿಲ್ಲ, ಅದನ್ನೂ ಹೇಳಬೇಕು. "ಕೂಗಬೇಡಿ, ಕೈ ಎತ್ತಿ ಸುಮ್ನೆ ನಿಲ್ಲಿ, ಅವರೇ ಸುಮ್ಮನಾಗುತ್ತಾರೆ" ಅಂದಿದ್ದೆ. ಮಕ್ಕಳಿಗೆ ಅದೂ ಒಂದು ಆಟವಾಯಿತು. ಮೇಡಂ ನಾಲ್ಕು ನಿಮಿಷ ಕೈ ಎತ್ತಿಕೊಂಡೇ ನಿಂತಿದ್ದರಂತೆ! ಮಕ್ಕಳಿಗೆ ಮೊದಲೇ ಹೇಳಿಕೊಡದೆ, ರೂಢಿ ಮಾಡಿಸದೆ ಸನ್ನೆ ಮಾಡಿದರೆ ಅರ್ಥವಾಗುವುದಾದರೂ ಹೇಗೆ? ತಪ್ಪು ನನ್ನದು.

ಎರಡನೇ ಸಲ ಬೇರೆ ದಾರಿ ಹಿಡಿದೆ. ಒಂದು ವಾರ ಯಾವ ನಿಮಿಷಕ್ಕೆ ಸದ್ದು ಏಳುತ್ತದೆ ಎಂದು ಬರೆದಿಟ್ಟುಕೊಳ್ಳಿ ಅಂದೆ. ಅವರು ತಂದ ಚೀಟಿ ನೋಡಿ ಇಬ್ಬರೂ ನಕ್ಕೆವು. ಸದ್ದು ಏಳುತ್ತಿದ್ದದ್ದು ಹಾಜರಿ ಕೂಗುವಾಗ, ಸಾಮಾನು ಹುಡುಕುವಾಗ, ಬೋರ್ಡಿನ ಕಡೆ ತಿರುಗಿ ಉದ್ದಕ್ಕೆ ಬರೆಯುವಾಗ. ಮಕ್ಕಳ ಕೈಗೆ ಕೆಲಸವಿಲ್ಲದ ಹೊತ್ತುಗಳು ಇವು. ಬಲೂನಿನ ದಿನವೂ ಅಷ್ಟೇ: ಒಬ್ಬರಿಗೆ ಕೆಲಸ, 56 ಮಂದಿಗೆ ತಮಾಷೆ.

ಹಾಗಾಗಿ ಪಾಠವನ್ನೇ ಬದಲಾಯಿಸಿದೆವು. ನಾಲ್ಕು ಮಕ್ಕಳಿಗೆ ಒಂದು ತಟ್ಟೆ, ಬೆಲ್ ಹೊಡೆಯುವ ಮೊದಲೇ ಸಿದ್ಧ. ಅದರಲ್ಲಿ ಅರಿಶಿನ ಹಚ್ಚಿ ಒಣಗಿಸಿದ ಕಾಗದ, ನಿಂಬೆರಸ, ಹುಣಸೆ ನೀರು, ಸಾಬೂನಿನ ನೀರು. ಸುಣ್ಣದ ತಿಳಿನೀರು ಮಾತ್ರ ಮೇಡಂ ಕೈಯಲ್ಲಿ. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ. ಅದಕ್ಕೇ ತಿಳಿಯನ್ನು ಮೇಡಂ ತಾವೇ ಹನಿ ಹನಿಯಾಗಿ ಹಾಕಬೇಕು. ಪ್ರತಿ ತಂಡದಲ್ಲಿ ಒಬ್ಬರು ಹನಿ ಬಿಡುವವರು, ಒಬ್ಬರು ಬರೆಯುವವರು, ಒಬ್ಬರು ಹೇಳುವವರು, ಒಬ್ಬರು ತಟ್ಟೆ ಒರೆಸಿ ಕೊಡುವವರು. ಮುಟ್ಟುವ ಮೊದಲು ಬಣ್ಣ ಏನಾಗುತ್ತದೆ ಎಂದು ಊಹೆ ಬರೆಯಲೇಬೇಕು. ಹಳದಿ ಕಾಗದ ಸಾಬೂನಿಗೆ, ಸುಣ್ಣಕ್ಕೆ ಕೆಂಪಾಗುತ್ತದೆ. ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ! ಊಹೆ ಬರೆದವರಿಗೆ ಅದು ತಮ್ಮದೇ ಪಂದ್ಯ, ಕಣ್ಣು ಕೀಳುವುದಿಲ್ಲ.

ಎರಡು ಚಪ್ಪಾಳೆ ಕೇಳಿದರೆ ಕೈ ಕೆಳಗೆ. ಇದನ್ನು ತಟ್ಟೆ ಕೊಡುವ ಮೊದಲೇ, ಖಾಲಿ ಬೆಂಚಿನ ಮೇಲೆ ಮೂರು ಸಲ ಅಭ್ಯಾಸ ಮಾಡಿಸಲು ಹೇಳಿದೆ. ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಇದನ್ನು 1970ರ ದಶಕದಲ್ಲೇ ವಿಜ್ಞಾನ ತರಗತಿಗಳಲ್ಲಿ ಅಳೆದು ನೋಡಿದ್ದರು. ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡು. 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ, ಗದರುವುದೂ ಕಡಿಮೆಯಾಗುತ್ತದೆ. ಮೇಡಂ ಮನಸ್ಸಿನಲ್ಲೇ ಎಣಿಸಲು ಶುರು ಮಾಡಿದರು. "ಮೂರು ಸೆಕೆಂಡು ಎಷ್ಟು ಉದ್ದ ಸರ್!" ಅಂದರು.

ಹೆಡ್‌ಮಾಸ್ಟರಿಗೆ ಹಿಂದಿನ ದಿನವೇ ಹೇಳಿಬಿಡಿ ಎಂದೂ ಸೂಚಿಸಿದೆ: "ಸರ್, ನಾಳೆ ಮೂರನೇ ಪೀರಿಯಡ್ ಸ್ವಲ್ಪ ಸದ್ದಿರುತ್ತೆ, ಪ್ರಯೋಗ ಇದೆ." ಅವರು ಬಂದು ಹತ್ತು ನಿಮಿಷ ನಿಂತು ನೋಡಿ ಹೋದರಂತೆ.

ಉಳಿದವನು ಕೊನೇ ಬೆಂಚಿನ ಹುಡುಗ. ಅವನನ್ನು ದಿನಾ ಹೊರಗೆ ನಿಲ್ಲಿಸುತ್ತಿದ್ದರು. ಎಲ್ಲರೆದುರು ಬೈದರೆ ಆ ವಯಸ್ಸಿನವರು ಸೋಲಲು ಒಪ್ಪುವುದಿಲ್ಲ. ಒಬ್ಬನೇ ಸಿಕ್ಕಾಗ ಮಾತಾಡಿಸಿ, ಬುದ್ಧಿ ಮಾತ್ರ ಹೇಳಬೇಡಿ ಅಂದೆ. ಹುಡುಗನ ಮನೆಯವರದು ಆಲೆಮನೆ ಎಂದು ಮೇಡಂಗೆ ಆಗಲೇ ಗೊತ್ತಾದದ್ದು. "ಕಬ್ಬಿನ ಹಾಲಿಗೆ ಸುಣ್ಣ ಯಾಕೋ ಹಾಕ್ತಾರೆ?" ಎಂದು ಕೇಳಿದ್ದಾರೆ. "ಇಲ್ದಿದ್ರೆ ಬೆಲ್ಲ ಸರ್ಯಾಗಿ ಕಟ್ಟಲ್ಲ ಮಿಸ್." ಅದು ನಿಜ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಹಾಗೇ ಕುದಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಬೆಲ್ಲ ಮೆತ್ತಗಾಗುತ್ತದೆ. ಸುಣ್ಣ ಆ ಆಮ್ಲವನ್ನು ತಟಸ್ಥ ಮಾಡುತ್ತದೆ. ಅಪ್ಪ ಕೈ ಅಂದಾಜಿನಲ್ಲಿ ಮಾಡುವ ಕೆಲಸವೇ ಪಾಠದಲ್ಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮರುದಿನ ಬೋರ್ಡಿನ ಮುಂದೆ ಅವನೇ ಹೇಳಿದ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದನ್ನೂ ಸೇರಿಸಿದನಂತೆ, ಅದು ಮೇಡಂಗೇ ಗೊತ್ತಿರಲಿಲ್ಲ.

ಹುಡುಗ ಈಗಲೂ ಮಾತಾಡುತ್ತಾನೆ, ಲೆಕ್ಕದ ಪೀರಿಯಡ್‌ನಲ್ಲಿ ಇನ್ನೂ ಹೊರಗೇ ನಿಲ್ಲುತ್ತಾನಂತೆ. ಮೇಡಂಗೆ ಗಂಟಲು ವಾಸಿ, ಭಾನುವಾರದ ಹೊಟ್ಟೆ ನೋವು ಆಗೊಮ್ಮೆ ಈಗೊಮ್ಮೆ. ಎಂಟನೇ ಕ್ಲಾಸಿನ ಬಿ ಸೆಕ್ಷನ್ ಬಗ್ಗೆ ಮಾತಾಡಬೇಕು ಎಂದು ಮುಂದಿನ ಶನಿವಾರಕ್ಕೆ ಸಮಯ ಕೇಳಿದ್ದಾರೆ.