ಕಾರ್ಡ್ ಬಂತು, ದುಡ್ಡು ಬರಲಿಲ್ಲ

ಪ್ರಶ್ನೆ: ಮಗನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ). ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಬಂದು ತಿಂಗಳುಗಳಾದರೂ ಖಾತೆಗೆ ಒಂದು ರೂಪಾಯಿ ಬಿದ್ದಿಲ್ಲ, ಯಾಕೆ?

ಉತ್ತರ: ಕಾರ್ಡ್ ಬರೀ ಗುರುತಿನ ಚೀಟಿ. ಅದರಿಂದ ತಾನಾಗಿ ದುಡ್ಡು ಬರುವುದಿಲ್ಲ, ಪ್ರತಿ ಸೌಲಭ್ಯಕ್ಕೂ ಬೇರೆ ಅರ್ಜಿ ಹಾಕಬೇಕು. ಮಾಸಾಶನಕ್ಕೆ ನಾಡಕಚೇರಿ. ಅದರ ಜೊತೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿ. ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿ ಖರ್ಚಿಗೂ ಸ್ವಲ್ಪ ಸಿಗುತ್ತದೆ. ಹೆಚ್ಚಿನವರು ಇದನ್ನು ಕೇಳಿಯೇ ಇರುವುದಿಲ್ಲ! ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಹುಡುಕಿ, ಅರ್ಜಿ ತುಂಬಿಸುವುದು ಅವರ ಕೆಲಸವೇ. ಕಾರ್ಡಿನಲ್ಲಿ ಅಂಗವೈಕಲ್ಯದ ಶೇಕಡಾವಾರು ಎಷ್ಟಿದೆ ಅಂತ ಈಗಲೇ ನೋಡಿ. 40ಕ್ಕಿಂತ ಕಡಿಮೆ ಇದ್ದರೆ ಬಹಳಷ್ಟು ಬಾಗಿಲು ಮುಚ್ಚಿದ ಹಾಗೇ.

ಪ್ರಶ್ನೆ: ನನಗೆ ದೃಷ್ಟಿ ತುಂಬಾ ಕಡಿಮೆ. ಪಿಎಚ್‌ಡಿ ಮಾಡಲು ನೆರವು ಇದೆಯಾ?

ಉತ್ತರ: ಇದೆ. ಅಂಗವಿಕಲರಿಗೆಂದೇ ಕೇಂದ್ರದ ನ್ಯಾಷನಲ್ ಫೆಲೋಶಿಪ್ ಇದೆ, ವರ್ಷಕ್ಕೆ 200 ಮಂದಿಗೆ. ಪೈಪೋಟಿ ಜಾಸ್ತಿ, ಆದರೂ ಹಾಕಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಉಂಟು. ಓದಲು ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಳ್ಳಿ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಉಚಿತ; ಕನ್ನಡವನ್ನೂ ಓದುತ್ತದೆ, ಉಚ್ಚಾರ ಮಾತ್ರ ಸ್ವಲ್ಪ ರೋಬೋ ಥರ.