ಅಪ್ಪನ ಕಾಯಿಲೆಯ ಸಾಲು

ಉದ್ಯೋಗದ ಅರ್ಜಿಯ ಜೊತೆಗೆ ಕಳುಹಿಸುವ ಆ ಒಂದು ಪುಟವನ್ನು, ಅಂದರೆ ಎಲ್ಲರೂ ಕವರ್ ಲೆಟರ್ ಎಂದು ಕರೆಯುವ ಪತ್ರವನ್ನು, ತಿದ್ದಿಸಿಕೊಳ್ಳಲು ಕೋಲಾರದ ನಮ್ಮ ಸಲಹಾ ಕೊಠಡಿಗೆ ಬರುವ ಹುಡುಗ ಹುಡುಗಿಯರ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಪತ್ರವಿರುತ್ತದೆ. ಅದು ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಆರಂಭವಾಗುತ್ತದೆ, ನಡುವೆ ಮನೆಯ ಬಡತನ, ತಂದೆಯ ಅನಾರೋಗ್ಯ, ತಂಗಿಯ ಮದುವೆ ಬರುತ್ತವೆ, ಕೊನೆಯಲ್ಲಿ ‘ಯುವರ್ಸ್ ಒಬೀಡಿಯಂಟ್ಲಿ’ ಎಂದು ಮುಗಿಯುತ್ತದೆ. ಎಂಟನೇ ತರಗತಿಯಲ್ಲಿ ಜ್ವರಕ್ಕೆಂದು ಮುಖ್ಯೋಪಾಧ್ಯಾಯರಿಗೆ ಬರೆದ ರಜಾ ಅರ್ಜಿಯೇ ಬೆಳೆದು ದೊಡ್ಡದಾಗಿ ಕಾರ್ಖಾನೆಯ ಬಾಗಿಲಿಗೆ ಬಂದು ನಿಂತಂತೆ ಕಾಣುತ್ತದೆ. ಇಂಥ ಪತ್ರಗಳಿಗೆ ನಾನು ಕೊಡುವ ಸಲಹೆಯೂ ವರ್ಷಗಳಿಂದ ಒಂದೇ ಆಗಿತ್ತು. ಆ ಸಲಹೆ ಒಬ್ಬಳ ವಿಷಯದಲ್ಲಿ ಹೇಗೆ ತಪ್ಪಿತು ಎಂಬುದನ್ನು ಹೇಳಬೇಕೆಂದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮುಳಬಾಗಿಲು ತಾಲ್ಲೂಕಿನ ಹುಡುಗಿ, ವಯಸ್ಸು ಇಪ್ಪತ್ತನಾಲ್ಕು. ಗಡಿ ಭಾಗದ ಅನೇಕ ಮನೆಗಳಂತೆ ಅವಳ ಮನೆಯಲ್ಲಿ ಮಾತು ತೆಲುಗು, ಶಾಲೆಯಲ್ಲಿ ಓದಿದ್ದು ಕನ್ನಡ ಮಾಧ್ಯಮ, ಕೆಲಸದ ಪತ್ರ ಬರೆಯಬೇಕಾದದ್ದು ಮಾತ್ರ ಇಂಗ್ಲಿಷಿನಲ್ಲಿ. ಬಿ.ಕಾಂ. ಮುಗಿಸಿ ಮೂರು ವರ್ಷವಾಗಿತ್ತು. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉಗ್ರಾಣ ಸಹಾಯಕರು, ಅವರ ಮಾತಿನಲ್ಲಿ ಸ್ಟೋರ್ಸ್ ಅಸಿಸ್ಟೆಂಟ್, ಬೇಕಾಗಿದ್ದಾರೆಂಬ ಪ್ರಕಟಣೆಯನ್ನು ಮೊಬೈಲಿನಲ್ಲಿ ತೋರಿಸಿದಳು. ಅದಕ್ಕೆ ಮೊದಲು ಹನ್ನೊಂದು ಕಡೆಗೆ ಪತ್ರ ಕಳುಹಿಸಿದ್ದಳು. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಅವಳ ಪತ್ರ ಬೇರೆಯವರದಕ್ಕಿಂತ ಅಚ್ಚುಕಟ್ಟಾಗಿಯೇ ಇತ್ತು. ಕಾರಣ ಕೇಳಿದಾಗ, ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಡುವವಳು ತಾನೇ ಎಂದಳು. ವಿಧವಾ ವೇತನ, ಪಡಿತರ ಚೀಟಿಗೆ ಹೆಸರು ಸೇರಿಸುವುದು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಎಲ್ಲವೂ ಅವಳ ಕೈಬರಹದಲ್ಲಿಯೇ ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಹೋಗುತ್ತಿದ್ದವು. ಅಲ್ಲಿ ಕಷ್ಟವನ್ನು ಬರೆಯಲೇಬೇಕು. ವಿಧವಾ ವೇತನ ಕೊಡುವುದೇ ಕಷ್ಟವನ್ನು ನೋಡಿ. ಅಷ್ಟೇ ಅಲ್ಲ, 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟವರ ಕೈಗೆ ಸಂಖ್ಯೆಯೊಂದು ಸಿಗುತ್ತದೆ, ಇಷ್ಟು ದಿನದೊಳಗೆ ವಿಲೇವಾರಿ ಆಗಬೇಕೆಂಬ ಗಡುವೂ ಇರುತ್ತದೆ. ಕಾರ್ಖಾನೆಗೆ ಬರೆದ ಪತ್ರಕ್ಕೆ ಸಂಖ್ಯೆಯೂ ಇಲ್ಲ, ಗಡುವೂ ಇಲ್ಲ. ಅದನ್ನು ಓದುವವರಿಗೆ ನಮ್ಮ ಹಕ್ಕನ್ನು ಪರಿಶೀಲಿಸುವ ಹೊಣೆಯಿಲ್ಲ. ಅವರ ಉಗ್ರಾಣದಲ್ಲಿ ನಾಳೆ ಬೆಳಿಗ್ಗೆ ಇಳಿಯುವ ಲಾರಿಯ ಮಾಲನ್ನು ಎಣಿಸಿ ಬರೆದುಕೊಳ್ಳಲು ಒಬ್ಬರು ಬೇಕಾಗಿದ್ದಾರೆ, ಅಷ್ಟೇ.

ಈ ವ್ಯತ್ಯಾಸವನ್ನು ವಿವರಿಸಿ, ಎಂದಿನಂತೆ ಕೆಂಪು ಪೆನ್ನು ತೆಗೆದುಕೊಂಡೆ. ‘ಬೆಗ್’ ಹೋಯಿತು. ‘ಪೂರ್ ಫ್ಯಾಮಿಲಿ’ ಹೋಯಿತು. ‘ಹಾರ್ಡ್ ವರ್ಕಿಂಗ್ ಆ್ಯಂಡ್ ಸಿನ್ಸಿಯರ್’ ಕೂಡ ಹೋಯಿತು, ಏಕೆಂದರೆ ತಾನು ಸೋಮಾರಿ ಎಂದು ಇದುವರೆಗೆ ಯಾರೂ ಬರೆದುಕೊಂಡಿಲ್ಲ. ತಂದೆಗೆ ಪಾರ್ಶ್ವವಾಯು ಆಗಿ ಮೂರು ವರ್ಷವಾಯಿತು ಎಂಬ ಸಾಲಿನ ಮೇಲೂ ಗೆರೆ ಎಳೆದೆ. ಮನೆಯ ಕಷ್ಟವನ್ನು ಮುಂದಿಟ್ಟು ಕೆಲಸ ಕೇಳುವವರನ್ನು ಕೆಲವರು ಕಡಿಮೆ ಸಂಬಳಕ್ಕೆ ಒಪ್ಪಿಸುತ್ತಾರೆ, ಉಳಿದವರು ರಜೆ ಹೆಚ್ಚು ಕೇಳಿಯಾರೆಂದು ಕರೆಯುವುದೇ ಇಲ್ಲ. ಎರಡನ್ನೂ ನಾನು ಕಂಡಿದ್ದೇನೆ. ಆದ್ದರಿಂದಲೇ ಆ ಗೆರೆಯನ್ನು ಎಳೆಯುವಾಗ ನನ್ನ ಕೈ ತಡೆಯಲಿಲ್ಲ.

ಅವಳು ಆ ಗೆರೆಯನ್ನೇ ನೋಡುತ್ತ ಕುಳಿತಳು. ಆಮೇಲೆ, “ಅಪ್ಪನ ವಿಷಯ ತೆಗೆದುಬಿಟ್ರೆ ಈ ಮೂರು ವರ್ಷ ನಾನು ಎಲ್ಲಿದ್ದೆ ಅಂತ ಬರೀಲಿ ಮೇಡಂ?” ಎಂದಳು.

“ಎಲ್ಲಿದ್ರಮ್ಮಾ?” ಎಂದೆ. ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಾಗಿತ್ತು.

“ಮನೇಲೇ ಇದ್ದೆ. ಡೈರಿಗೆ ಹೋಗಿ ಬರ್ತಿದ್ದೆ.”

ಡೈರಿ ಎಂದರೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘ. ಅವಳ ತಂದೆ ಅದರ ಕಾರ್ಯದರ್ಶಿ. ಪಾರ್ಶ್ವವಾಯು ಆದ ಮೇಲೆ ಅವರ ಬಲಗೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು, ಇವಳು ಮಾಡುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಒಮ್ಮೆ ಸುಮಾರು ತೊಂಬತ್ತು ಮನೆಗಳಿಂದ ಹಾಲು ಬರುತ್ತಿತ್ತು. ಪ್ರತಿಯೊಬ್ಬರ ಹಾಲನ್ನು ಅಳೆದು, ಸ್ವಲ್ಪ ಹಾಲನ್ನು ಪರೀಕ್ಷೆಗೆ ತೆಗೆದು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಎಷ್ಟು ಎಂದು ಯಂತ್ರ ತೋರಿಸಿದ್ದನ್ನು ದಾಖಲಿಸಿ ಚೀಟಿ ಕೊಡಬೇಕು. ಆ ಎರಡು ಅಂಕಿಗಳ ಮೇಲೆಯೇ ದರ ನಿಂತಿರುವುದರಿಂದ, ಫ್ಯಾಟ್ 3.5ರಿಂದ 3.3ಕ್ಕೆ ಇಳಿದರೂ ಕಿಟಕಿಯಲ್ಲಿ ಜಗಳ ಶುರುವಾಗುತ್ತದೆ. ನಂತರ ಹಾಲಿನ ವ್ಯಾನಿಗೆ ಕ್ಯಾನುಗಳನ್ನು ಏರಿಸಿ, ಅಲ್ಲಿಂದ ಬಂದ ರಸೀದಿಯನ್ನು ಸಂಘದ ಪುಸ್ತಕದೊಂದಿಗೆ ತಾಳೆ ನೋಡಬೇಕು. ಬಟವಾಡೆಯ ಪಟ್ಟಿ ಮಾಡಬೇಕು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಯಾರ ಖಾತೆಗೆ ಬಂದಿಲ್ಲ, ಆಧಾರ್ ಜೋಡಣೆ ಎಲ್ಲಿ ತಪ್ಪಿದೆ ಎಂದು ಹುಡುಕಿ ಅವರನ್ನು ಬ್ಯಾಂಕಿಗೆ ಕಳುಹಿಸಬೇಕು.

ಲೆಕ್ಕ ಯಾವತ್ತಾದರೂ ತಪ್ಪಿತ್ತೇ ಎಂದು ಕೇಳಿದೆ. ಇಂಥ ಪ್ರಶ್ನೆಗೆ ಹೆಚ್ಚಿನವರು ‘ಇಲ್ಲ’ ಎನ್ನುತ್ತಾರೆ. ಅವಳು ನಕ್ಕಳು.

ಒಂದು ಸಂಜೆ ಪುಸ್ತಕದಲ್ಲಿ 412 ಲೀಟರ್ ಇತ್ತು, ವ್ಯಾನಿನ ರಸೀದಿಯಲ್ಲಿ 398. ಮರುದಿನ ಸಂಜೆಯೂ ಹದಿನಾಲ್ಕರ ಆಸುಪಾಸು, ಮೂರನೆಯ ಸಂಜೆಯೂ ಅಷ್ಟೇ. ಊರಿನವರು ವ್ಯಾನಿನ ಡ್ರೈವರ್ ಮೇಲೆ ಅನುಮಾನಪಟ್ಟರು. ಇವಳು ರಾತ್ರಿ ಊಟವಾದ ಮೇಲೆ ಪುಸ್ತಕವನ್ನು ಮನೆಗೆ ತಂದು, ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಾಗ, ಆ ಮೂರೂ ಸಂಜೆ ಕರೆಂಟು ಹೋಗಿತ್ತೆಂಬುದು ನೆನಪಾಯಿತು. ಕರೆಂಟು ಇಲ್ಲದಾಗ ನೋಟ್ ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಬಂದ ಮೇಲೆ ಯಂತ್ರಕ್ಕೆ ಏರಿಸುತ್ತಿದ್ದಳು. ಹಾಗೆ ಏರಿಸುವಾಗ, ಮೊದಲೇ ಯಂತ್ರಕ್ಕೆ ಹೋಗಿದ್ದ ಕೊನೆಯ ಒಬ್ಬರ ಹಾಲು ಎರಡನೆಯ ಸಲವೂ ಸೇರುತ್ತಿತ್ತು. ಆ ನಂಬರು ಅವಳ ಚಿಕ್ಕಪ್ಪನದು.

“ತಪ್ಪು ನಂದೇ ಮೇಡಂ. ಅಧ್ಯಕ್ಷರಿಗೆ ಹೇಳಿ ಮುಂದಿನ ಬಟವಾಡೇಲಿ ಚಿಕ್ಕಪ್ಪನ ದುಡ್ಡು ಹಿಡ್ಕೊಂಡ್ವಿ. ಒಂದು ತಿಂಗಳು ನಮ್ಮ ಮನೆ ಕಡೆ ತಲೆ ಹಾಕ್ಲಿಲ್ಲ ಅವ್ರು.”

“ಇದನ್ನೇಕೆ ಬರೆದಿಲ್ಲ?”

“ಅದು ಕೆಲಸಾನಾ? ಸಂಬಳ ಇರ್ಲಿಲ್ವಲ್ಲ.”

ನಾನು ಹೊಡೆದುಹಾಕಿದ್ದ ಸಾಲನ್ನು ಆಗ ಮತ್ತೆ ನೋಡಿದೆ. ತಂದೆಯ ಕಾಯಿಲೆಯನ್ನು ಅವಳು ಕರುಣೆಗಾಗಿ ಬರೆದಿದ್ದಳು, ಕರುಣೆಗಾಗಿ ಬರೆದದ್ದೆಂದೇ ನಾನು ತೆಗೆದಿದ್ದೆ; ಆ ಸಾಲಿನ ಮುಂದೆ ಇನ್ನೊಂದು ಸಾಲು ಬರಬೇಕಿತ್ತೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ‘ತಂದೆಗೆ ಪಾರ್ಶ್ವವಾಯು, ಆದ್ದರಿಂದ ಕೆಲಸ ಕೊಡಿ’ ಎಂದರೆ ಅದು ಮೊರೆ. ‘ತಂದೆಗೆ ಪಾರ್ಶ್ವವಾಯು ಆದ ಮೇಲೆ ಅವರು ನೋಡಿಕೊಳ್ಳುತ್ತಿದ್ದ ಲೆಕ್ಕವನ್ನು ನಾನು ಬರೆದೆ’ ಎಂದರೆ ಅದು ವರದಿ. ಪದಗಳು ಅವೇ. ಮನೆಯ ವಿಷಯ ಬೇಡವೇ ಬೇಡ ಎಂದು ನೂರಾರು ಮಂದಿಗೆ ಹೇಳಿದ್ದೇನೆ. ಅವರಲ್ಲಿ ಎಷ್ಟು ಜನ ತಮ್ಮ ಹೊಲ, ಅಂಗಡಿ, ರೇಷ್ಮೆ ಗೂಡು ಮಾರಾಟದ ಲೆಕ್ಕಗಳನ್ನು ನನ್ನ ಕೆಂಪು ಗೆರೆಯ ಕೆಳಗೆ ಬಿಟ್ಟು ಹೋದರೋ ಎಂಬ ಯೋಚನೆ ಆ ದಿನ ಬಂತು, ಇನ್ನೂ ಹೋಗಿಲ್ಲ.

ಪತ್ರವನ್ನು ಮೊದಲು ಕನ್ನಡದಲ್ಲಿ ಬರೆಯಿಸಿದೆ. ಇಂಗ್ಲಿಷಿನಲ್ಲಿ ಯೋಚಿಸಲು ಹೊರಟವರು ಸಿಕ್ಕಿದ ಸಿದ್ಧ ವಾಕ್ಯವನ್ನೇ ಎತ್ತಿಕೊಳ್ಳುತ್ತಾರೆ, ಮೊಬೈಲಿನ ಎಐ ಬರೆದುಕೊಡುವ ಪತ್ರದಲ್ಲಿಯೂ ಅದೇ ವಾಕ್ಯಗಳು ಇನ್ನಷ್ಟು ಹೊಳಪಿನಿಂದ ಬರುತ್ತವೆ. ನಾಲ್ಕು ಸಲ ಬರೆದ ಮೇಲೆ ಅವಳ ಕನ್ನಡ ಕರಡಿನ ಮುಖ್ಯ ಭಾಗ ಹೀಗೆ ನಿಂತಿತು:

“ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾದ ನನ್ನ ತಂದೆಯವರು ಪಾರ್ಶ್ವವಾಯುವಿಗೆ ತುತ್ತಾದ ನಂತರ, ಮೂರು ವರ್ಷಗಳಿಂದ ಅವರ ಮೇಲ್ವಿಚಾರಣೆಯಲ್ಲಿ, ದಿನಕ್ಕೆ ಎರಡು ಬಾರಿ ಸುಮಾರು 90 ಉತ್ಪಾದಕರಿಂದ ಬರುವ ಹಾಲಿನ ಅಳತೆ, ಪರೀಕ್ಷೆ ಮತ್ತು ರವಾನೆಯ ಲೆಕ್ಕ ಬರೆಯಲು ನೆರವಾಗುತ್ತಿದ್ದೇನೆ. ಇದು ವೇತನವಿರುವ ನೇಮಕಾತಿಯಲ್ಲ. ಒಮ್ಮೆ ಸತತ ಮೂರು ದಿನ ಬಂದ 14 ಲೀಟರಿನ ವ್ಯತ್ಯಾಸಕ್ಕೆ ನನ್ನದೇ ನಮೂದಿನ ತಪ್ಪು ಕಾರಣವೆಂದು ಪತ್ತೆ ಮಾಡಿ ಸರಿಪಡಿಸಿದ್ದೇನೆ. ಬಂದ ಮಾಲು ಮತ್ತು ಹೋದ ಮಾಲನ್ನು ಅದೇ ದಿನ ತಾಳೆ ನೋಡುವುದು ನನಗೆ ರೂಢಿಯಾಗಿದೆ.”

ಇದರ ಮೇಲೆ ಯಾವ ಹುದ್ದೆ, ಪ್ರಕಟಣೆ ಎಲ್ಲಿ ಕಂಡಿತು ಎಂಬ ಎರಡು ಸಾಲು. ಕೆಳಗೆ ಯಾವತ್ತಿನಿಂದ ಬರಬಲ್ಲೆ, ಪಾಳಿಯ ಕೆಲಸಕ್ಕೆ ಒಪ್ಪಿಗೆ ಇದೆಯೇ ಎಂಬ ಎರಡು ಸಾಲು. ಅಷ್ಟಕ್ಕೇ ಪತ್ರ ಮುಗಿಯಿತು. ಇಂಗ್ಲಿಷಿಗೆ ತಂದಾಗಲೂ ಒಂದು ಪುಟ ತುಂಬಲಿಲ್ಲ, ತುಂಬಿಸುವ ಅಗತ್ಯವೂ ಇರಲಿಲ್ಲ. ಅಂಕಪಟ್ಟಿಯ ವಿವರ ರೆಸ್ಯೂಮೆಯಲ್ಲಿ ಇದ್ದೇ ಇರುತ್ತದೆ. ಅದನ್ನೇ ಪತ್ರದಲ್ಲಿ ಮತ್ತೆ ಬರೆಯುವವರಿಗೆ ಹೇಳಲು ಬೇರೇನೂ ಇಲ್ಲವೆಂದು ಓದುವವರು ತಿಳಿಯುತ್ತಾರೆ.

ತಪ್ಪನ್ನು ತಾನೇ ಒಪ್ಪಿಕೊಂಡ ವಾಕ್ಯವನ್ನು ಪತ್ರದಲ್ಲಿ ಇಟ್ಟದ್ದಕ್ಕೆ ನಮ್ಮಲ್ಲಿ ಯಾರೂ ಆಕ್ಷೇಪ ಎತ್ತಲಿಲ್ಲ. ಆಕ್ಷೇಪ ಬಂದದ್ದು ಬೇರೆ ಕಡೆಯಿಂದ. ನೇಮಕವಾಗದ ವ್ಯಕ್ತಿ ಸಂಘದ ಪುಸ್ತಕ ಮುಟ್ಟಿದಳೆಂದು ಬರವಣಿಗೆಯಲ್ಲಿ ಕೊಟ್ಟರೆ ನಾಳೆ ಅವಳ ತಂದೆಗೇ ತೊಂದರೆಯಾಗದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಖಾರವಾಗಿಯೇ ಕೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ‘ಸಂಘದಲ್ಲಿ ಕೆಲಸ ಮಾಡಿದ್ದೇನೆ’ ಎಂದು ಬರೆದುಬಿಟ್ಟರೆ ಸುಲಭವಾಗುತ್ತಿತ್ತು, ಆದರೆ ಅದು ನಿಜವಲ್ಲ. ಅನುಭವ ಪ್ರಮಾಣಪತ್ರ ಕೇಳಿದ ದಿನ ಕುಸಿಯುತ್ತದೆ. ಏನೂ ಬರೆಯದೆ ಬಿಟ್ಟರೆ ಮೂರು ವರ್ಷ ಖಾಲಿ. ‘ನೆರವಾಗುತ್ತಿದ್ದೇನೆ’, ‘ಮೇಲ್ವಿಚಾರಣೆಯಲ್ಲಿ’ ಎಂಬ ಪದಗಳನ್ನು ಆರಿಸಿದ್ದು ನುಣುಚಿಕೊಳ್ಳಲಲ್ಲ, ನಡೆದದ್ದು ಹಾಗೆಯೇ; ತಂದೆ ಕುರ್ಚಿಯಲ್ಲಿರುತ್ತಿದ್ದರು, ಎಡಗೈಯಲ್ಲಿ ರುಜು ಹಾಕುತ್ತಿದ್ದರು. ಆದರೂ ತಂದೆಯವರಿಗೂ ಸಂಘದ ಅಧ್ಯಕ್ಷರಿಗೂ ಕರಡನ್ನು ಓದಿ ಹೇಳಿ, ಅವರು ಒಪ್ಪಿದರೆ ಮಾತ್ರ ಕಳುಹಿಸಬೇಕೆಂದು ಹೇಳಿದೆ. ಅಧ್ಯಕ್ಷರು ಒಪ್ಪಿದ್ದಲ್ಲದೆ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆದೂ ಕೊಟ್ಟರು. ಅವರು ಒಪ್ಪದಿದ್ದರೆ ನಾನು ಏನು ಹೇಳುತ್ತಿದ್ದೆನೋ, ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ.

ಓದುಗರಲ್ಲಿ ಕೆಲವರು ವಿದ್ಯಾರ್ಥಿವೇತನಕ್ಕೋ ಹಾಸ್ಟೆಲ್ ಸೀಟಿಗೋ ಪತ್ರ ಬರೆಯುತ್ತಿರಬಹುದು. ಅಲ್ಲಿ ಕಷ್ಟವೇ ಅರ್ಹತೆ, ಆದ್ದರಿಂದ ಅದನ್ನು ಮುಚ್ಚಿಡಬಾರದು. ಆದರೆ ‘ಕಡು ಬಡತನ’ ಎಂಬ ಪದಕ್ಕಿಂತ ಆದಾಯ ಪ್ರಮಾಣಪತ್ರದಲ್ಲಿರುವ ಅಂಕಿ, ಮನೆಯಲ್ಲಿ ಓದುತ್ತಿರುವವರ ಸಂಖ್ಯೆ, ಕಟ್ಟಬೇಕಾದ ಶುಲ್ಕ ಇವೇ ಹೆಚ್ಚು ಹೇಳುತ್ತವೆ. ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಥವಾ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ತುಂಬುವ ಸರ್ಕಾರಿ ಹುದ್ದೆಗಳಿಗೆ ಇಂಥ ಪತ್ರ ಬೇಕಾಗಿಯೇ ಇಲ್ಲ, ಆನ್‌ಲೈನ್ ಅರ್ಜಿಯ ಕಲಂಗಳನ್ನು ತಪ್ಪಿಲ್ಲದೆ ತುಂಬಿದರೆ ಸಾಕು. ಇಮೇಲಿನಲ್ಲಿ ಕಳುಹಿಸುವವರು ವಿಷಯದ ಜಾಗದಲ್ಲಿ ಹುದ್ದೆಯ ಹೆಸರನ್ನೂ ತಮ್ಮ ಹೆಸರನ್ನೂ ಬರೆಯಬೇಕು. ‘ರೆಸ್ಯೂಮೆ ನ್ಯೂ ಫೈನಲ್ 2’ ಎಂಬ ಹೆಸರಿನ ಕಡತ ಯಾರದೆಂದು ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹಿಂದಿನ ಕಂಪನಿಯ ಹೆಸರು ಹಾಗೆಯೇ ಉಳಿದ ಪತ್ರಗಳು ತಿಂಗಳಿಗೆ ಎರಡಾದರೂ ನನ್ನ ಮೇಜಿಗೆ ಬರುತ್ತವೆ.

ಅವಳು ಹೊಸ ಪತ್ರವನ್ನು ಮೂರು ಕಡೆಗೆ ಕಳುಹಿಸಿದಳು. ನರಸಾಪುರದ ಆ ಕಾರ್ಖಾನೆಯಿಂದ ಕರೆ ಬಂತು. ಸಂದರ್ಶನದಲ್ಲಿ ಹದಿನಾಲ್ಕು ಲೀಟರಿನ ಬಗ್ಗೆ ಕೇಳಿದರೇ ಎಂದು ನಾನು ಕುತೂಹಲದಿಂದ ವಿಚಾರಿಸಿದೆ. ಕೇಳಿದರಂತೆ, ಆದರೆ ಹೆಚ್ಚು ಹೊತ್ತು ಕೇಳಿದ್ದು ರಾತ್ರಿ ಪಾಳಿಗೆ ಮುಳಬಾಗಿಲಿನಿಂದ ಹೇಗೆ ಬರುತ್ತೀ ಎಂದು. ಆ ಕೆಲಸ ಕೋಲಾರದಲ್ಲಿಯೇ ಇದ್ದ ಇನ್ನೊಬ್ಬರಿಗೆ ಹೋಯಿತು. ಉಳಿದೆರಡು ಕಡೆಯಿಂದ ಉತ್ತರ ಬರಲಿಲ್ಲ.

ನಾಲ್ಕು ತಿಂಗಳ ನಂತರ ಮತ್ತೆ ಬಂದಳು. ತಂದೆಯವರು ಕೆಲಸ ಬಿಡುವುದೆಂದು ನಿಶ್ಚಯವಾಗಿ, ಕಾರ್ಯದರ್ಶಿ ಹುದ್ದೆಗೆ ಸಂಘವೇ ಅರ್ಜಿ ಕರೆದಿತ್ತು. ಈ ಸಲ ಕನ್ನಡದಲ್ಲಿಯೇ ಬರೆದಿದ್ದಳು. ನಾನು ತಿದ್ದುವಂಥದ್ದು ಹೆಚ್ಚೇನೂ ಇರಲಿಲ್ಲ. ಕೊನೆಗೆ ‘ತಮ್ಮ ವಿಧೇಯ’ ಎಂದು ಹಾಕಲೇ ಎಂದು ಕೇಳಿದಳು. ‘ತಮ್ಮ ವಿಶ್ವಾಸಿ’ ಸಾಕು ಎಂದೆ. ಸ್ವಲ್ಪ ಯೋಚಿಸಿ, “ಚಿಕ್ಕಪ್ಪ ಈಗ ಸಂಘದ ಡೈರೆಕ್ಟರ್ ಮೇಡಂ, ವಿಧೇಯ ಅಂತಾನೇ ಇರ್ಲಿ,” ಎಂದು ಬರೆದುಕೊಂಡು ಹೋದಳು.